ಯುರೇನಿಯಂ-238ರ ಮೊದಲ ಅನುರಣನ: ದತ್ತಾಂಶದ ಕಡತದಿಂದ ಇಂಧನದ ಸರಳಿನವರೆಗೆ ಅಡ್ಡಛೇದವನ್ನು ಲೆಕ್ಕ ಹಾಕುವ ಬಗೆ

ಪರಮಾಣು ರಿಯಾಕ್ಟರ್ ಭೌತವಿಜ್ಞಾನದ ಯಾವ ಪಠ್ಯಪುಸ್ತಕದ ಕೊನೆಯ ಪುಟಗಳನ್ನು ತೆರೆದರೂ ಯುರೇನಿಯಂ-238ರ ಎದುರು ಎರಡು ಅಂಕಿಗಳು ಕಾಣುತ್ತವೆ. ನಿಧಾನಗತಿಯ ನ್ಯೂಟ್ರಾನನ್ನು ಸೆರೆಹಿಡಿಯುವ ಅಡ್ಡಛೇದ, ಅಂದರೆ ನ್ಯೂಟ್ರಾನಿಗೆ ನ್ಯೂಕ್ಲಿಯಸ್ ಒಡ್ಡುವ ಗುರಿಯ ವಿಸ್ತೀರ್ಣ, ಸುಮಾರು 2.7 ಬಾರ್ನ್ (ಬಾರ್ನ್ ಎಂಬುದು ಈ ವಿಸ್ತೀರ್ಣದ ಮಾನ). ಅನುರಣನ ಸಂಕಲನ, ಅಂದರೆ ಸೆರೆಯ ಅಡ್ಡಛೇದವನ್ನು ಶಕ್ತಿಯಿಂದ ಭಾಗಿಸಿ ಅನುರಣನಗಳ ಶಕ್ತಿಗಳಲ್ಲೆಲ್ಲ ಕೂಡಿದ ಮೊತ್ತ, ಸುಮಾರು 275 ಬಾರ್ನ್. ಎರಡೂ ಸರಿಯಾದ ಅಂಕಿಗಳೇ. ಆದರೆ ಎರಡನೆಯದನ್ನು ಹಾಗೆಯೇ ಎತ್ತಿಕೊಂಡು ರಿಯಾಕ್ಟರಿನ ಲೆಕ್ಕಕ್ಕೆ ಹಾಕಿದರೆ ಆ ರಿಯಾಕ್ಟರ್ ಹತ್ತಿಕೊಳ್ಳುವುದೇ ಇಲ್ಲ, ಏಕೆಂದರೆ ಬೆರಳುಗಾತ್ರದ ಆಕ್ಸೈಡ್ ಸರಳಿನೊಳಗೆ ನಿಜವಾಗಿ ಕೆಲಸ ಮಾಡುವ ಅಂಕಿ 20 ಬಾರ್ನಿನ ಆಸುಪಾಸಿನದು. 275 ಹೇಗೆ 20ರ ಹತ್ತಿರಕ್ಕೆ ಇಳಿಯುತ್ತದೆ ಎಂಬುದನ್ನು ಒಂದೇ ಒಂದು ಅನುರಣನವನ್ನು ಹಿಡಿದುಕೊಂಡು, ಮೊದಲು ಕೈಲೆಕ್ಕದಿಂದ, ಆಮೇಲೆ ಕಂಪ್ಯೂಟರಿನಿಂದ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಎಂ.ಎಸ್‌ಸಿ. ಮಟ್ಟದ ಭೌತವಿಜ್ಞಾನ ಗೊತ್ತಿದ್ದು, ಒಂದು ಕ್ಯಾಲ್ಕ್ಯುಲೇಟರ್ ಮತ್ತು ಸ್ಪ್ರೆಡ್‌ಶೀಟ್ ಇದ್ದರೆ ಮೊದಲ ಐದು ಹೆಜ್ಜೆಗಳಿಗೆ ಸಾಕು.

ಅನುರಣನ ಎಂದರೆ ಏನು ಎಂಬುದನ್ನು ಚಿಕ್ಕದಾಗಿ ನೆನಪಿಸಿಕೊಳ್ಳೋಣ. ನ್ಯೂಟ್ರಾನ್ ಒಳಹೊಕ್ಕಾಗ ಉಂಟಾಗುವ ಸಂಯುಕ್ತ ನ್ಯೂಕ್ಲಿಯಸ್ಸಿಗೆ, ಇಲ್ಲಿ ಯುರೇನಿಯಂ-239ಕ್ಕೆ, ತನ್ನದೇ ಆದ ಶಕ್ತಿಮಟ್ಟಗಳಿವೆ. ಬಂದ ನ್ಯೂಟ್ರಾನಿನ ಶಕ್ತಿ ಅಂಥ ಒಂದು ಮಟ್ಟಕ್ಕೆ ಸರಿಯಾಗಿ ಹೊಂದಿಕೊಂಡರೆ ಅಡ್ಡಛೇದ ಹತ್ತಾರು ಬಾರ್ನಿನಿಂದ ಹತ್ತಾರು ಸಾವಿರ ಬಾರ್ನಿಗೆ ಜಿಗಿಯುತ್ತದೆ. ಸಂಯುಕ್ತ ನ್ಯೂಕ್ಲಿಯಸ್ಸಿನ ಕಲ್ಪನೆಯನ್ನು ನೀಲ್ಸ್ ಬೋರ್ 1936ರಲ್ಲಿ ಮುಂದಿಟ್ಟರು. ಅದೇ ವರ್ಷ ಬ್ರೈಟ್ ಮತ್ತು ವಿಗ್ನರ್ ಈ ಶಿಖರದ ಆಕಾರಕ್ಕೆ ಸೂತ್ರ ಕೊಟ್ಟರು. ತೊಂಬತ್ತು ವರ್ಷಗಳ ಬಳಿಕವೂ ನಮ್ಮ ಮೊದಲ ಲೆಕ್ಕಕ್ಕೆ ಆ ಸೂತ್ರವೇ ಆಧಾರ. ಎಲೆಕ್ಟ್ರಾನ್‌ವೋಲ್ಟನ್ನು ಮುಂದೆ ಇವಿ ಎಂದೂ, ಅದರ ಸಾವಿರದ ಒಂದು ಭಾಗವನ್ನು ಮಿಲಿಇವಿ ಎಂದೂ ಬರೆಯುತ್ತೇನೆ.

ಮೊದಲ ಹೆಜ್ಜೆ: ಕಡತವನ್ನು ಪಡೆದು, ಓದುವುದನ್ನು ಕಲಿಯುವುದು

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನ್ಯೂಕ್ಲಿಯರ್ ದತ್ತಾಂಶ ತಾಣದಿಂದ ಮೌಲ್ಯಮಾಪನಗೊಂಡ ಕಡತಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆ ತಾಣದ ಪ್ರತಿರೂಪವೊಂದನ್ನು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರವೂ ನಡೆಸುತ್ತದೆ. ಅಮೆರಿಕದ ಎಂಡಿಎಫ್-ಬಿ, ಯುರೋಪಿನ ಜೆಫ್, ಜಪಾನಿನ ಜೆಂಡ್ಲ್ ಈ ಮೂರು ಸಂಗ್ರಹಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನು ಬೆರೆಸಬೇಡಿ. ಯುರೇನಿಯಂ-238ರ ಪದಾರ್ಥ ಸಂಖ್ಯೆ 9237. ಕಡತದ ಒಳಗೆ 2ನೆಯ ವಿಭಾಗದ 151ನೆಯ ಉಪವಿಭಾಗದಲ್ಲಿ ಅನುರಣನಗಳ ಪಟ್ಟಿ ಇರುತ್ತದೆ. 3ನೆಯ ವಿಭಾಗದಲ್ಲಿ ಬಿಂದುಬಿಂದುವಾಗಿ ಅಡ್ಡಛೇದಗಳಿರುತ್ತವೆ, ಅದರಲ್ಲಿ 1 ಎಂದರೆ ಒಟ್ಟು, 2 ಎಂದರೆ ಸ್ಥಿತಿಸ್ಥಾಪಕ ಚದರಿಕೆ, 18 ಎಂದರೆ ವಿದಳನ, 102 ಎಂದರೆ ಸೆರೆ.

ಹೊಸಬರು ಕಾಲು ಜಾರುವ ಮೂರು ಕಡೆಗಳು ಇಲ್ಲಿಯೇ ಇವೆ. 3ನೆಯ ವಿಭಾಗದ 102ನ್ನು ನೇರವಾಗಿ ನಕ್ಷೆ ಬರೆದು, 6.67 ಇವಿಯಲ್ಲಿ ಶಿಖರವೇ ಇಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವುದು ಮೊದಲನೆಯದು. ಅನುರಣನ ವಲಯದಲ್ಲಿ ಅಲ್ಲಿರುವುದು ಬರೀ ಹಿನ್ನೆಲೆ, ಬಹುಪಾಲು ಸೊನ್ನೆ. ಶಿಖರಗಳನ್ನು 2ನೆಯ ವಿಭಾಗದ ಅಂಕಿಗಳಿಂದ ನಾವೇ ಕಟ್ಟಿ ಅದಕ್ಕೆ ಕೂಡಿಸಬೇಕು. ಎರಡನೆಯದು ಅಂಕಿ ಬರೆಯುವ ರೀತಿ: ಒಂದೊಂದು ಅಂಕಿಗೂ ಹನ್ನೊಂದು ಅಕ್ಷರದ ಜಾಗ ಮಾತ್ರ ಇರುವುದರಿಂದ ಹತ್ತರ ಘಾತವನ್ನು ನಡುವೆ ಅಕ್ಷರವಿಲ್ಲದೆ 2.300000-2 ಎಂದು ಬರೆದಿರುತ್ತಾರೆ, ಸಾಮಾನ್ಯ ಸ್ಪ್ರೆಡ್‌ಶೀಟ್ ಅದನ್ನು ತಪ್ಪಾಗಿ ಓದುತ್ತದೆ ಅಥವಾ ಪಠ್ಯವೆಂದು ಬಿಟ್ಟುಬಿಡುತ್ತದೆ. ಮೂರನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಬ್ರೈಟ್–ವಿಗ್ನರ್ ನಮೂನೆಯ ಕಡತದಲ್ಲಿ ಶಕ್ತಿ ಮತ್ತು ಗಿರಕಿಯ (ಸ್ಪಿನ್) ನಂತರದ ಮೂರನೆಯ ಅಂಕಣ ಒಟ್ಟು ಅಗಲ, ಅಂದರೆ ಶಕ್ತಿಯ ಅಳತೆಯಲ್ಲಿ ಶಿಖರದ ಅಗಲ. ರೈಕ್–ಮೂರ್ ನಮೂನೆಯಲ್ಲಿ ಅದೇ ಮೂರನೆಯ ಅಂಕಣ ನ್ಯೂಟ್ರಾನ್ ಅಗಲ, ಅಂದರೆ ಒಟ್ಟು ಅಗಲದಲ್ಲಿ ನ್ಯೂಟ್ರಾನ್ ಮರಳಿ ಹೊರಬೀಳುವುದರ ಪಾಲು. ಇಂದಿನ ಕಡತಗಳಲ್ಲಿ ಯುರೇನಿಯಂ-238 ಇರುವುದು ರೈಕ್–ಮೂರ್ ನಮೂನೆಯಲ್ಲಿ. ಅಂಕಣ ಅದಲುಬದಲಾದರೂ ಲೆಕ್ಕ ನಿಲ್ಲುವುದಿಲ್ಲ, ಉತ್ತರ ಮಾತ್ರ ಹಾಳಾಗುತ್ತದೆ.

ಪಟ್ಟಿಯ ತಲೆಯಲ್ಲಿ ಋಣ ಶಕ್ತಿಯ ಅನುರಣನಗಳೂ ಕಾಣುತ್ತವೆ. ಅವು ಮುದ್ರಣದೋಷವಲ್ಲ. ನ್ಯೂಟ್ರಾನ್ ಬಿಡುಗಡೆಯ ಹೊಸ್ತಿಲಿಗಿಂತ ಕೆಳಗಿರುವ ಮಟ್ಟಗಳ ಬಾಲ ನಿಧಾನಗತಿಯ ವಲಯಕ್ಕೆ ಚಾಚಿಕೊಂಡಿರುತ್ತದೆ. ಅವನ್ನು ಅಳಿಸಿದರೆ ಆ 2.7 ಬಾರ್ನ್ ಎಂದಿಗೂ ಸರಿಯಾಗಿ ಬರುವುದಿಲ್ಲ.

ಎರಡನೆಯ ಹೆಜ್ಜೆ: ತಣ್ಣಗಿನ ಶಿಖರ

ಯುರೇನಿಯಂ-238ರ ಮೊದಲ ದೊಡ್ಡ ಅನುರಣನ 6.674 ಇವಿಯಲ್ಲಿದೆ. ಅದರ ನ್ಯೂಟ್ರಾನ್ ಅಗಲ ಸುಮಾರು 1.48 ಮಿಲಿಇವಿ, ಗಾಮಾ ಅಗಲ ಸುಮಾರು 23 ಮಿಲಿಇವಿ, ಒಟ್ಟು ಅಗಲ ಸುಮಾರು 24.5 ಮಿಲಿಇವಿ. ಈ ಅಂಕಿಗಳನ್ನೇ ಓದಿದರೂ ಒಂದು ವಿಷಯ ತಿಳಿಯುತ್ತದೆ: ಸಂಯುಕ್ತ ನ್ಯೂಕ್ಲಿಯಸ್ ಉಂಟಾದ ಮೇಲೆ ನೂರರಲ್ಲಿ ತೊಂಬತ್ನಾಲ್ಕು ಸಲ ಅದು ಗಾಮಾ ಕಿರಣ ಹೊರಸೂಸಿ ನ್ಯೂಟ್ರಾನನ್ನು ಉಳಿಸಿಕೊಳ್ಳುತ್ತದೆ, ಆರು ಸಲ ಮಾತ್ರ ಹಿಂದಿರುಗಿಸುತ್ತದೆ.

ಶಿಖರದ ಎತ್ತರಕ್ಕೆ ಲೆಕ್ಕ ಹೀಗಿದೆ. 26,04,000ವನ್ನು ಇವಿಯಲ್ಲಿರುವ ಅನುರಣನ ಶಕ್ತಿಯಿಂದ ಭಾಗಿಸಿ. ಗುರಿ ನ್ಯೂಕ್ಲಿಯಸ್ಸಿನ ತೂಕ ನ್ಯೂಟ್ರಾನಿನ 236 ಪಟ್ಟು ಇರುವುದರಿಂದ 237ನ್ನು 236ರಿಂದ ಭಾಗಿಸಿ ಬಂದದ್ದರ ವರ್ಗದಿಂದ ಗುಣಿಸಿ. ಕೊನೆಗೆ ಗಿರಕಿಯ ಗುಣಾಂಕದಿಂದಲೂ, ನ್ಯೂಟ್ರಾನ್ ಅಗಲಕ್ಕೂ ಒಟ್ಟು ಅಗಲಕ್ಕೂ ಇರುವ ಅನುಪಾತದಿಂದಲೂ ಗುಣಿಸಿ. ಯುರೇನಿಯಂ-238ರ ಸ್ವಂತ ಗಿರಕಿ ಸೊನ್ನೆಯಾದ್ದರಿಂದ ಇಲ್ಲಿ ಗಿರಕಿಯ ಗುಣಾಂಕ 1; ಯುರೇನಿಯಂ-235ಕ್ಕಾದರೆ ಅದು 7/16 ಅಥವಾ 9/16 ಆಗುತ್ತದೆ, ಮರೆಯಬಾರದು. ಉತ್ತರ ಸುಮಾರು 23,700 ಬಾರ್ನ್, ಇದು ಒಟ್ಟು ಅಡ್ಡಛೇದ. ಗಾಮಾ ಅಗಲದ ಪಾಲಿನಿಂದ ಗುಣಿಸಿದರೆ ಸೆರೆಯ ಅಡ್ಡಛೇದ ಸುಮಾರು 22,300 ಬಾರ್ನ್. ಶಿಖರದ ಎರಡೂ ಬದಿಗೆ ಇಳಿಜಾರನ್ನು ಬರೆಯಲು, ಅನುರಣನದಿಂದಿರುವ ದೂರದ ಎರಡರಷ್ಟನ್ನು ಒಟ್ಟು ಅಗಲದಿಂದ ಭಾಗಿಸಿ, ಅದರ ವರ್ಗಕ್ಕೆ ಒಂದನ್ನು ಕೂಡಿಸಿ, ಶಿಖರದ ಎತ್ತರವನ್ನು ಅದರಿಂದ ಭಾಗಿಸಿದರೆ ಸಾಕು.

ಮೂರನೆಯ ಹೆಜ್ಜೆ: ಬಿಸಿ ಮಾಡುವುದು

ಈಗ ಲೆಕ್ಕ ಹಾಕಿದ ಶಿಖರ ಅಲುಗಾಡದೆ ನಿಂತಿರುವ ನ್ಯೂಕ್ಲಿಯಸ್ಸಿನದು. ನಿಜವಾದ ಇಂಧನದಲ್ಲಿ ಪರಮಾಣುಗಳು ಕಂಪಿಸುತ್ತಿರುತ್ತವೆ. ಎದುರಿಗೆ ಬರುವ ನ್ಯೂಕ್ಲಿಯಸ್ಸಿಗೆ ನ್ಯೂಟ್ರಾನ್ ಹೆಚ್ಚು ಶಕ್ತಿಯದಾಗಿಯೂ, ದೂರ ಸರಿಯುವುದಕ್ಕೆ ಕಡಿಮೆ ಶಕ್ತಿಯದಾಗಿಯೂ ಕಾಣುತ್ತದೆ. ರೈಲಿನ ಸಿಳ್ಳೆಯ ಶ್ರುತಿ ಬದಲಾಗುವ ಅದೇ ಡಾಪ್ಲರ್ ಪರಿಣಾಮ. ಇದನ್ನು ಅನುರಣನಗಳಿಗೆ ಅನ್ವಯಿಸುವ ಗಣಿತ ಬೆಥೆ ಮತ್ತು ಪ್ಲಾಚೆಕ್ ಅವರ 1937ರ ಕೆಲಸದಿಂದ ಬಂದದ್ದು.

ಡಾಪ್ಲರ್ ಅಗಲವನ್ನು ಪಡೆಯಲು ಅನುರಣನ ಶಕ್ತಿ, ಉಷ್ಣಶಕ್ತಿ ಮತ್ತು ನಾಲ್ಕು ಇವುಗಳ ಗುಣಲಬ್ಧವನ್ನು 236ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಕೋಣೆಯ ಉಷ್ಣತೆಯಲ್ಲಿ ಉಷ್ಣಶಕ್ತಿ 0.0253 ಇವಿ, ಆಗ ಡಾಪ್ಲರ್ ಅಗಲ ಸುಮಾರು 53.5 ಮಿಲಿಇವಿ. 900 ಕೆಲ್ವಿನ್‌ನಲ್ಲಿ ಅದು ಸುಮಾರು 94 ಮಿಲಿಇವಿ. ಅನುರಣನದ ಸಹಜ ಅಗಲವೇ 24.5 ಆಗಿರುವಾಗ, ಉಷ್ಣತೆ ಇಲ್ಲಿ ಸಣ್ಣ ತಿದ್ದುಪಡಿಯಲ್ಲ, ಆಕಾರವನ್ನು ನಿರ್ಧರಿಸುವ ಮುಖ್ಯ ಕಾರಣವೇ ಅದು. ಸಹಜ ಅಗಲವನ್ನು ಡಾಪ್ಲರ್ ಅಗಲದಿಂದ ಭಾಗಿಸಿ ಬಂದ ಅನುಪಾತವನ್ನು, ಬಿಸಿಯಾದ ಶಿಖರದ ಆಕಾರವನ್ನು ಹೇಳುವ ಪ್ಸೈ ಫಲನಕ್ಕೆ ಕೊಟ್ಟರೆ ಶಿಖರದಲ್ಲಿ ಕೋಣೆಯ ಉಷ್ಣತೆಗೆ 0.319, 900 ಕೆಲ್ವಿನ್‌ಗೆ 0.201 ಸಿಗುತ್ತದೆ. ಶಿಖರಕ್ಕೆ ಮಾತ್ರವಾದರೆ ಈ ಫಲನವನ್ನು ಸ್ಪ್ರೆಡ್‌ಶೀಟಿನಲ್ಲೇ ಪಡೆಯಬಹುದು: ಅನುಪಾತದ ಅರ್ಧಕ್ಕೆ ಪೂರಕ ದೋಷಫಲನವನ್ನು ಕಂಡು, ಆ ಅರ್ಧದ ವರ್ಗದ ಘಾತೀಯದಿಂದಲೂ, ಇಡೀ ಅನುಪಾತದಿಂದಲೂ, 0.8862ರಿಂದಲೂ ಗುಣಿಸಬೇಕು. ಹೀಗೆ 22,300 ಬಾರ್ನಿನ ಸೆರೆಶಿಖರ ಕೋಣೆಯ ಉಷ್ಣತೆಯಲ್ಲಿ ಸುಮಾರು 7,100ಕ್ಕೂ, 900 ಕೆಲ್ವಿನ್‌ನಲ್ಲಿ ಸುಮಾರು 4,500ಕ್ಕೂ ಇಳಿಯುತ್ತದೆ.

ಶಿಖರ ತಗ್ಗಿದರೂ ಅದರ ಕೆಳಗಿನ ವಿಸ್ತೀರ್ಣ ಬದಲಾಗುವುದಿಲ್ಲ. ಮೂರೂ ಸಂದರ್ಭಗಳಲ್ಲಿ ಅದು ಸುಮಾರು 857 ಬಾರ್ನ್-ಇವಿ. ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಕೂಡಿ ನೋಡಿ. ಶೇಕಡಾ ಒಂದಕ್ಕಿಂತ ಹೆಚ್ಚು ಬದಲಾದರೆ ಶಕ್ತಿಯ ಬಿಂದುಗಳು ವಿರಳವಾಗಿವೆ ಎಂದೋ, ಬಾಲವನ್ನು ಬೇಗ ಕತ್ತರಿಸಿದ್ದೀರಿ ಎಂದೋ ಅರ್ಥ.

ನಾಲ್ಕನೆಯ ಹೆಜ್ಜೆ: ಸ್ವಯಂಮರೆ

ಇಡೀ ವಿಷಯದ ತಿರುಳು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 857ನ್ನು 6.674ರಿಂದ ಭಾಗಿಸಿದರೆ ಈ ಒಂದು ಅನುರಣನದ ಸಂಕಲನ ಸುಮಾರು 128 ಬಾರ್ನ್. ಇದೇ ಲೆಕ್ಕವನ್ನು 20.9 ಇವಿಯ ಎರಡನೆಯದಕ್ಕೆ ಮಾಡಿದರೆ ಸುಮಾರು 66, 36.7 ಇವಿಯ ಮೂರನೆಯದಕ್ಕೆ ಸುಮಾರು 42. ಒಟ್ಟು 275ರಲ್ಲಿ ಈ ಮೂರೇ 236ರಷ್ಟನ್ನು ಕೊಡುತ್ತವೆ. ಕಡತದಲ್ಲಿ 20 ಕಿಲೋಇವಿಯವರೆಗೆ ಬಿಡಿಬಿಡಿಯಾಗಿ ದಾಖಲಾಗಿರುವ ಅಷ್ಟೊಂದು ಅನುರಣನಗಳ ನಡುವೆ ಈ ಮೂವರು ದೈತ್ಯರನ್ನು ಸರಿಯಾಗಿ ಲೆಕ್ಕಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಆದರೆ 128 ಎಂಬುದು ನ್ಯೂಟ್ರಾನ್ ಪ್ರವಾಹ ಎಲ್ಲ ಶಕ್ತಿಗಳಲ್ಲೂ ಅಡೆತಡೆಯಿಲ್ಲದೆ ಹರಿಯುತ್ತಿದೆ ಎಂದುಕೊಂಡಾಗಿನ ಅಂಕಿ. ಹಾಗಾಗಬೇಕಾದರೆ ಯುರೇನಿಯಂ ಪರಮಾಣುಗಳು ಸಮುದ್ರದಲ್ಲಿ ಕಲಸಿದ ಚಿಟಿಕೆ ಉಪ್ಪಿನಂತೆ ಚದುರಿರಬೇಕು. ಇಂಧನದ ಗುಳಿಗೆಯಲ್ಲಿ ಪರಿಸ್ಥಿತಿ ತಿರುವುಮುರುವು. ಪ್ರತಿ ಘನ ಸೆಂಟಿಮೀಟರಿಗೆ 10.5 ಗ್ರಾಂ ಸಾಂದ್ರತೆಯ ಆಕ್ಸೈಡಿನಲ್ಲಿ ಕೋಣೆಯ ಉಷ್ಣತೆಯ ಶಿಖರದ ಶಕ್ತಿಯಲ್ಲಿ ನ್ಯೂಟ್ರಾನ್ ಸರಾಸರಿ ಸಾಗುವ ದೂರವನ್ನು ಲೆಕ್ಕ ಹಾಕಿದರೆ ಸುಮಾರು 0.06 ಮಿಲಿಮೀಟರ್ ಬರುತ್ತದೆ. ಆ ಶಕ್ತಿಯ ನ್ಯೂಟ್ರಾನುಗಳು ಗುಳಿಗೆಯ ತೊಗಲು ದಾಟುವ ಮೊದಲೇ ಮುಗಿದುಹೋಗುತ್ತವೆ. ಒಳಗಿನ ಪರಮಾಣುಗಳಿಗೆ ಅವು ತಲುಪುವುದೇ ಇಲ್ಲ. ಹೊರಗಿನ ಪರಮಾಣುಗಳು ಒಳಗಿನವುಗಳಿಗೆ ಮರೆಯಾಗಿ ನಿಲ್ಲುವ ಈ ಸಂಗತಿಗೆ ಸ್ವಯಂಮರೆ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಬಳಸಿದ ಇಂಧನವನ್ನು ಅಡ್ಡಕ್ಕೆ ಕೊಯ್ದು ನೋಡಿದಾಗ ಪ್ಲುಟೋನಿಯಂ ಗುಳಿಗೆಯ ಅಂಚಿನಲ್ಲೇ ದಟ್ಟವಾಗಿರುವುದಕ್ಕೂ ಇದೇ ಕಾರಣ.

ಲೆಕ್ಕಕ್ಕೆ ಬೇಕಾದದ್ದು ಹಿನ್ನೆಲೆ ಅಡ್ಡಛೇದ ಎಂಬ ಒಂದು ಅಂಕಿ: ಒಂದು ಯುರೇನಿಯಂ-238 ಪರಮಾಣುವಿನ ಪಾಲಿಗೆ, ನ್ಯೂಟ್ರಾನನ್ನು ಅನುರಣನದಿಂದ ಆಚೆಗೆ ತಳ್ಳಬಲ್ಲ ಇತರ ಸಾಧ್ಯತೆಗಳೆಲ್ಲ ಎಷ್ಟು ಬಾರ್ನಿಗೆ ಸಮ ಎಂಬುದು. ಅದು ಸಿಕ್ಕರೆ, ಸೆರೆಶಿಖರವನ್ನು ಹಿನ್ನೆಲೆಯಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆದು, 128ನ್ನು ಅದರಿಂದ ಭಾಗಿಸಬೇಕು. ತಣ್ಣಗಿನ ಶಿಖರಕ್ಕೆ ಈ ಸರಳ ಸೂತ್ರ ಸಾಕು.

ಐದನೆಯ ಹೆಜ್ಜೆ: ಕೈಗಾದ ಒಂದು ಸರಳು

ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿರುವ ತಲಾ 220 ಮೆಗಾವ್ಯಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳು ಸಹಜ ಯುರೇನಿಯಂನಿಂದ ನಡೆಯುತ್ತವೆ. ಒಂದು ಕಟ್ಟಿನಲ್ಲಿ 19 ಸರಳುಗಳು, ಗುಳಿಗೆಯ ವ್ಯಾಸ ಸುಮಾರು 14 ಮಿಲಿಮೀಟರ್. ಇಲ್ಲಿ ಸಹಜ ಯುರೇನಿಯಂ ಎಂಬುದು ಮುಖ್ಯ. ಪುಷ್ಟೀಕರಣದ ಮೂಲಕ ಪಡೆಯುವ ಹೆಚ್ಚುವರಿ ವಿದಳನಶೀಲ ಅಂಶ ಇಲ್ಲದಿರುವುದರಿಂದ, ಅನುರಣನದ ಬಲೆಯಿಂದ ಪಾರಾಗುವ ಒಂದೊಂದು ನ್ಯೂಟ್ರಾನಿಗೂ ಬೆಲೆಯಿದೆ. ಮೇ 2016ರಿಂದ ಡಿಸೆಂಬರ್ 31, 2018ರವರೆಗೆ ಕೈಗಾದ ಮೊದಲ ಘಟಕ 962 ದಿನ ಎಡೆಬಿಡದೆ ನಡೆದದ್ದು ನಿಲ್ಲಿಸದೆ ಇಂಧನ ತುಂಬುವ ವ್ಯವಸ್ಥೆಯಿಂದ, ನಿಜ. ಆದರೆ ಅಷ್ಟು ಬಡ ಇಂಧನದಿಂದ ಅಂಥ ರಿಯಾಕ್ಟರ್ ನಡೆಯಲು ಸಾಧ್ಯವಾದುದರ ಹಿಂದೆ ಭಾರಜಲದ ಜೊತೆಗೆ ಈ ಸ್ವಯಂಮರೆಯೂ ಇದೆ.

ಒಂಟಿ ಸರಳನ್ನು ತೆಗೆದುಕೊಳ್ಳೋಣ. ಸಿಲಿಂಡರಿನ ಸರಾಸರಿ ಜ್ಯಾ ಅದರ ವ್ಯಾಸಕ್ಕೆ ಸಮ, ಅಂದರೆ 1.4 ಸೆಂಟಿಮೀಟರ್. ಒಂದನ್ನು ಅದರಿಂದ ಭಾಗಿಸಿ, ಪ್ರತಿ ಬಾರ್ನ್-ಸೆಂಟಿಮೀಟರಿಗೆ 0.0233ರಷ್ಟಿರುವ ಯುರೇನಿಯಂ-238ರ ಸಾಂದ್ರತೆಯಿಂದ ಮತ್ತೆ ಭಾಗಿಸಿದರೆ, ಸರಳಿನಿಂದ ಹೊರಗೆ ಸೋರುವ ಸಾಧ್ಯತೆ ಸುಮಾರು 31 ಬಾರ್ನಿಗೆ ಸಮವಾಗುತ್ತದೆ. ಎರಡು ಆಮ್ಲಜನಕ ಪರಮಾಣುಗಳ ಚದರಿಕೆ ಸುಮಾರು 8 ಬಾರ್ನ್. ಒಟ್ಟು ಹಿನ್ನೆಲೆ 39. ಮೇಲಿನ ಸೂತ್ರಕ್ಕೆ ಹಾಕಿದರೆ 128 ಬಾರ್ನ್ 5.3ಕ್ಕೆ ಕುಸಿಯುತ್ತದೆ. ನೂರರಲ್ಲಿ ನಾಲ್ಕು ಪಾಲು ಮಾತ್ರ ಉಳಿಯಿತು!

ಸರಳು ಒಂಟಿಯಾಗಿಲ್ಲ ಎಂಬುದನ್ನು ಈಗ ಸೇರಿಸಬೇಕು. ಒಂದು ಸರಳಿನಿಂದ ಹೊರಬಿದ್ದ ನ್ಯೂಟ್ರಾನ್ ಮಂದಕದಲ್ಲಿ (ನ್ಯೂಟ್ರಾನುಗಳ ವೇಗ ತಗ್ಗಿಸುವ ಪದಾರ್ಥ, ಇಲ್ಲಿ ಭಾರಜಲ) ಡಿಕ್ಕಿ ಹೊಡೆಯದೆಯೇ ಪಕ್ಕದ ಸರಳನ್ನು ಹೊಕ್ಕರೆ ಅದು ಪಾರಾದಂತಲ್ಲ. ಡಾಂಕಾಫ್ ಮತ್ತು ಗಿನ್ಸ್‌ಬರ್ಗ್ 1944ರಲ್ಲಿ ಲೆಕ್ಕಕ್ಕೆ ತಂದ ಈ ತಿದ್ದುಪಡಿ ಒತ್ತೊತ್ತಾಗಿ ಕಟ್ಟಿದ ಸರಳುಗಳಲ್ಲಿ ದೊಡ್ಡದಾಗಿಯೇ ಇರುತ್ತದೆ, ಮಧ್ಯದ ಸರಳಿಗೆ ಎಲ್ಲಕ್ಕಿಂತ ಹೆಚ್ಚು. ಉದಾಹರಣೆಗೆ, ಸೋರಿಕೆ ಅರ್ಧಕ್ಕಿಳಿದರೆ ಹಿನ್ನೆಲೆ ಸುಮಾರು 23 ಬಾರ್ನಿಗೂ, ಸಂಕಲನ ಸುಮಾರು 4.1ಕ್ಕೂ ಇಳಿಯುತ್ತದೆ. ನೀರೂಡುವ ಗದ್ದೆಯಲ್ಲಿ ಮಡಿಗಳಿಗೆ ಮಾಡುವಂತೆ, ಕಟ್ಟಿನ ಒಳಸುತ್ತಿಗೂ ಹೊರಸುತ್ತಿಗೂ ಬೇರೆಬೇರೆ ಲೆಕ್ಕವೇ ಬೇಕು.

ಬಂದ ಉತ್ತರ ನಂಬಲರ್ಹವೇ ಎಂದು ನೋಡಲು ಸ್ವೀಡನ್ನಿನ ಹೆಲ್‌ಸ್ಟ್ರಾಂಡ್ ಅಳತೆಗಳಿಂದ ಕಂಡುಕೊಂಡ ಸರಳ ಸಂಬಂಧ ಬಹಳ ಉಪಯುಕ್ತ. ಒಂಟಿ ಆಕ್ಸೈಡ್ ಸರಳಿನ ಮೇಲ್ಮೈಯನ್ನು ಅದರ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 26.6ರಿಂದ ಗುಣಿಸಿ, ನಾಲ್ಕಕ್ಕಿಂತ ತುಸು ಹೆಚ್ಚಿನ ಸ್ಥಿರಾಂಕವನ್ನು ಕೂಡಿಸಬೇಕು. ಮೇಲ್ಮೈ ಚದರ ಸೆಂಟಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ. ನಮ್ಮ ಸರಳಿಗೆ ಎಲ್ಲ ಅನುರಣನಗಳೂ ಸೇರಿ ಸುಮಾರು 18 ಬಾರ್ನ್ ಬರುತ್ತದೆ. ಅದರಲ್ಲಿ ಮೊದಲನೆಯ ಅನುರಣನದ ಪಾಲು ಐದಾರು ಬಾರ್ನ್ ಎಂಬುದು ಸಹಜವಾಗಿಯೇ ಇದೆ.

ಬಿಸಿಯಾದಾಗ ಏನಾಗುತ್ತದೆ ಎಂಬುದೂ ಇಲ್ಲಿಯೇ ಅರ್ಥವಾಗುತ್ತದೆ. ವಿಸ್ತೀರ್ಣ ಬದಲಾಗದಿದ್ದರೂ, ತಗ್ಗಿ ಹರಡಿದ ಶಿಖರಕ್ಕೆ ಮರೆ ಕಡಿಮೆ. ಬದಿಗಳಲ್ಲಿ ಮೊದಲು ಪಾರಾಗುತ್ತಿದ್ದ ನ್ಯೂಟ್ರಾನುಗಳು ಈಗ ಸಿಕ್ಕಿಬೀಳುತ್ತವೆ. ಆದ್ದರಿಂದ ಇಂಧನ ಬಿಸಿಯಾದಷ್ಟೂ ಸೆರೆ ಹೆಚ್ಚಿ, ಸರಣಿಕ್ರಿಯೆ ತಾನಾಗಿಯೇ ತಗ್ಗುತ್ತದೆ. ಸ್ವಯಂಮರೆ ಇಲ್ಲದಿದ್ದರೆ ಈ ರಕ್ಷಣೆಯೂ ಇರುತ್ತಿರಲಿಲ್ಲ. ಒಂದು ಎಚ್ಚರಿಕೆ: ಸಹಜ ಯುರೇನಿಯಂ ಇಂಧನ ಉರಿಯುತ್ತ ಹೋದಂತೆ ಪ್ಲುಟೋನಿಯಂ-239 ಸೇರಿಕೊಳ್ಳುತ್ತದೆ, ಅದರ 0.3 ಇವಿ ಸಮೀಪದ ವಿದಳನ ಅನುರಣನ ಎದುರು ದಿಕ್ಕಿಗೆ ಎಳೆಯುತ್ತದೆ. ಹೊಸ ಇಂಧನಕ್ಕೆ ಲೆಕ್ಕ ಹಾಕಿದ ಗುಣಾಂಕವನ್ನು ಉರಿದ ಇಂಧನಕ್ಕೆ ಅಂಟಿಸಬಾರದು.

ಆರನೆಯ ಹೆಜ್ಜೆ: ಬಳಸಿದ ಊಹೆಯನ್ನು ಪರೀಕ್ಷಿಸುವುದು

ಮೇಲಿನ ಸೂತ್ರದಲ್ಲಿ ಒಂದು ಊಹೆ ಅಡಗಿದೆ. ಯುರೇನಿಯಂಗೆ ಡಿಕ್ಕಿ ಹೊಡೆದ ನ್ಯೂಟ್ರಾನ್ ಅನುರಣನದ ಒಳಗೇ ಉಳಿಯುತ್ತದೆ, ಆಮ್ಲಜನಕಕ್ಕೋ ಮಂದಕಕ್ಕೋ ಡಿಕ್ಕಿ ಹೊಡೆದದ್ದು ಒಂದೇ ಜಿಗಿತಕ್ಕೆ ಆಚೆ ಬೀಳುತ್ತದೆ ಎಂಬುದು. ಪರೀಕ್ಷೆಗಾಗಿ ಅನುರಣನದ ವ್ಯಾವಹಾರಿಕ ಅಗಲವನ್ನು ಕಂಡುಕೊಳ್ಳಿ: ಒಟ್ಟು ಶಿಖರವನ್ನು, ಹಿನ್ನೆಲೆಗೆ ಯುರೇನಿಯಂನ ಸ್ವಂತ 11 ಬಾರ್ನ್ ಚದರಿಕೆ ಕೂಡಿಸಿ ಬಂದ 50ರಿಂದ ಭಾಗಿಸಿ, ವರ್ಗಮೂಲ ತೆಗೆದು, ಒಟ್ಟು ಅಗಲದಿಂದ ಗುಣಿಸಿದರೆ ಸುಮಾರು 0.53 ಇವಿ. ಈ ಶಕ್ತಿಯಲ್ಲಿ ಯುರೇನಿಯಂಗೆ ಡಿಕ್ಕಿ ಹೊಡೆದರೆ ಕಳೆದುಕೊಳ್ಳುವ ಶಕ್ತಿ ಹೆಚ್ಚೆಂದರೆ 0.11 ಇವಿ, ಒಂದೇ ಜಿಗಿತಕ್ಕೆ ಪಾರಾಗಲು ಸಾಲದು. ಡ್ಯೂಟೀರಿಯಂ ಸರಾಸರಿ 3 ಇವಿಯಷ್ಟನ್ನು ಕಸಿಯುತ್ತದೆ, ಧಾರಾಳವಾಗಿ ಸಾಕು. ಆಮ್ಲಜನಕದ ಸರಾಸರಿ 0.74 ಇವಿ ಅಂಚಿನಲ್ಲಿದೆ, ಅಷ್ಟರ ಮಟ್ಟಿಗೆ ನಮ್ಮ ಊಹೆ ಒರಟು. ಇದಕ್ಕೆ ವಿರುದ್ಧವಾದ ಕಿರಿದಾದ ಅನುರಣನದ ಊಹೆಯಿಂದ, ಅಂದರೆ ಯುರೇನಿಯಂಗೆ ಡಿಕ್ಕಿ ಹೊಡೆದದ್ದೂ ಒಂದೇ ಜಿಗಿತಕ್ಕೆ ಆಚೆ ಬೀಳುತ್ತದೆ ಎಂದುಕೊಂಡು, ಲೆಕ್ಕ ಹಾಕಿದರೆ 5.3ರ ಬದಲು 5.9 ಬಾರ್ನ್ ಬರುತ್ತದೆ. ನಿಜ ಇವೆರಡರ ನಡುವೆ. ಕಿಲೋಇವಿ ವಲಯಕ್ಕೆ ಹೋದರೆ ಯುರೇನಿಯಂನ ಡಿಕ್ಕಿಯೇ ಹದಿನೇಳು ಇವಿಯವರೆಗೆ ಕಸಿಯಬಲ್ಲದು, ಅಲ್ಲಿ ಕಿರಿದಾದ ಅನುರಣನದ ಊಹೆಯೇ ಸರಿ.

ಏಳನೆಯ ಹೆಜ್ಜೆ: ಕಂಪ್ಯೂಟರಿಗೆ ಒಪ್ಪಿಸುವುದು

ಈಗ, ಇದಕ್ಕಿಂತ ಮುಂಚೆ ಅಲ್ಲ, ಲಾಸ್ ಅಲಮಾಸ್‌ನಲ್ಲಿ ಬೆಳೆದ ಎನ್‌ಜಾಯ್ ತಂತ್ರಾಂಶವನ್ನು ತೆರೆಯಿರಿ. ಅದರ 2016ರ ಆವೃತ್ತಿ ಮುಕ್ತವಾಗಿ ಲಭ್ಯವಿದೆ. ಕೆಲಸದ ಕ್ರಮ ನಾವು ಕೈಯಲ್ಲಿ ಮಾಡಿದ್ದೇ. ರೆಕಾನ್‌ಆರ್ ಘಟಕ ಅನುರಣನಗಳಿಂದ ಬಿಂದುಗಳನ್ನು ಕಟ್ಟುತ್ತದೆ. ಸಹನೆಯ ಮಿತಿಯನ್ನು 0.001 ಇಡಿ, ಯುರೇನಿಯಂ-238ಕ್ಕೆ ಲಕ್ಷದ ಆಸುಪಾಸಿನಲ್ಲಿ ಬಿಂದುಗಳು ಬಂದರೆ ಗಾಬರಿ ಬೇಡ. ಬ್ರಾಡ್‌ಆರ್ ಬಿಸಿ ಮಾಡುತ್ತದೆ, 293.6 ಮತ್ತು 900 ಕೆಲ್ವಿನ್ ಎರಡನ್ನೂ ಕೊಡಿ. 20 ಕಿಲೋಇವಿಯಿಂದ ಮೇಲೆ ಅನುರಣನಗಳನ್ನು ಬಿಡಿಬಿಡಿಯಾಗಿ ಗುರುತಿಸಲಾಗದ ವಲಯಕ್ಕೆ ಪರ್ ಅಥವಾ ಅನ್‌ರೆಸ್‌ಆರ್ ಬೇಕು. ಗ್ರೂಪ್‌ಆರ್ ಗುಂಪುಗಳ ಸರಾಸರಿ ತೆಗೆಯುತ್ತದೆ; ಹಿನ್ನೆಲೆಯ ಪಟ್ಟಿಯಲ್ಲಿ ಸಾವಿರ ಕೋಟಿ, 1,000, 100, 50, 39, 23 ಬಾರ್ನ್ ಹೀಗೆ ಕೊಡಿ.

ಶಕ್ತಿಯ ಗುಂಪುಗಳಿಗೆ ರಿಯಾಕ್ಟರ್ ಲೆಕ್ಕದ ವಿಮ್ಸ್ ತಂತ್ರಾಂಶದ 69ರ ವಿಂಗಡಣೆ ಕಲಿಯುವವರಿಗೆ ಬಹಳ ಅನುಕೂಲ, ಏಕೆಂದರೆ ಮೂವರು ದೈತ್ಯರೂ ಅದರಲ್ಲಿ ಬೇರೆಬೇರೆ ಮನೆಗಳಲ್ಲಿದ್ದಾರೆ: 6.67 ಇವಿಯದು 27ನೆಯ ಗುಂಪಿನಲ್ಲಿ, 20.9 ಇವಿಯದು 25ರಲ್ಲಿ, 36.7 ಇವಿಯದು 24ರಲ್ಲಿ. 27ನೆಯ ಗುಂಪು 4 ಇವಿಯಿಂದ 9.877 ಇವಿಯವರೆಗಿನದು. ಎರಡು ಗಡಿಗಳ ಅನುಪಾತದ ಸಹಜ ಲಾಗರಿದಮ್ 0.904, ನಮ್ಮ 128ನ್ನು ಅದರಿಂದ ಭಾಗಿಸಿದರೆ ಸುಮಾರು 142 ಬಾರ್ನ್. ಅತಿ ದೊಡ್ಡ ಹಿನ್ನೆಲೆಗೆ ಎನ್‌ಜಾಯ್ ಕೊಡುವ ಸೆರೆಯ ಸರಾಸರಿ ಇದರ ಹತ್ತಿರವೇ ಇರಬೇಕು, ಅದೂ ಎರಡು ಉಷ್ಣತೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಇಲ್ಲವಾದರೆ ಮೊದಲು ಭಾರವಾಗಿ ಕೊಟ್ಟ ವರ್ಣಪಟಲ ಶಕ್ತಿಗೆ ವಿಲೋಮವಾಗಿದೆಯೇ ಎಂದು ನೋಡಿ, ಆಮೇಲೆ ಅಂಕಣಗಳನ್ನು ಅನುಮಾನಿಸಿ. ಹಿನ್ನೆಲೆ ಕಡಿಮೆಯಾದಂತೆ ಸರಾಸರಿ ಕುಸಿಯಬೇಕು. ಕಡಿಮೆ ಹಿನ್ನೆಲೆಯಲ್ಲಿ 900 ಕೆಲ್ವಿನ್‌ನ ಅಂಕಿ 293.6ರದ್ದಕ್ಕಿಂತ ಸ್ಪಷ್ಟವಾಗಿ ದೊಡ್ಡದಿರಬೇಕು. ಎರಡೂ ಒಂದೇ ಆಗಿದ್ದರೆ ಬ್ರಾಡ್‌ಆರ್‌ನ ಹೊರಗಡತದ ಬದಲು ರೆಕಾನ್‌ಆರ್‌ನದನ್ನು ಮುಂದಕ್ಕೆ ಕೊಟ್ಟಿದ್ದೀರಿ. ಇದು ಆಗಾಗ ಆಗುವ ತಪ್ಪು.

ಓಪನ್‌ಎಂಸಿಯಂಥ ಯಾದೃಚ್ಛಿಕ (ಮಾಂಟೆ ಕಾರ್ಲೊ) ವಿಧಾನದ ತಂತ್ರಾಂಶ ಬಳಸುವವರಿಗೆ ಹಿನ್ನೆಲೆಯ ಗೊಡವೆಯೇ ಇಲ್ಲ, ಸ್ವಯಂಮರೆ ತಾನಾಗಿಯೇ ಬರುತ್ತದೆ. ಆದರೆ ಅಲ್ಲೊಂದು ಬೇರೆ ಆಯ್ಕೆಯನ್ನು ಗಮನಿಸಬೇಕು: ಅನುರಣನದ ಸಮೀಪದ ಚದರಿಕೆಯಲ್ಲಿ ನ್ಯೂಕ್ಲಿಯಸ್ಸಿನ ಕಂಪನವನ್ನು ಸರಿಯಾಗಿ ಪರಿಗಣಿಸುವ ತಿದ್ದುಪಡಿಯನ್ನು ಯುರೇನಿಯಂ-238ಕ್ಕೆ ಹಾಕದಿದ್ದರೆ, ಇಂಧನದ ಉಷ್ಣತಾ ಗುಣಾಂಕ ನಿಜಕ್ಕಿಂತ ಶೇಕಡಾ ಹತ್ತರಷ್ಟು ದುರ್ಬಲವಾಗಿ ಬರುತ್ತದೆ.

ಅಭ್ಯಾಸಕ್ಕೆ ಮುಂದಿನ ನ್ಯೂಕ್ಲಿಯಸ್ಸಾಗಿ ಥೋರಿಯಂ-232ನ್ನು ಆರಿಸಿಕೊಳ್ಳಿ. ಕೈಗಾದ ಮೊದಲೆರಡು ಘಟಕಗಳು ಆರಂಭವಾದಾಗ ಪ್ರವಾಹವನ್ನು ಸಮತಟ್ಟುಗೊಳಿಸಲು ಥೋರಿಯಂ ಕಟ್ಟುಗಳನ್ನೇ ಇಟ್ಟಿದ್ದರು. ಅದರ ಪದಾರ್ಥ ಸಂಖ್ಯೆ 9040, ಅನುರಣನ ಸಂಕಲನ ಸುಮಾರು 85 ಬಾರ್ನ್, ಮೊದಲ ಎರಡು ದೊಡ್ಡ ಅನುರಣನಗಳು 21.8 ಮತ್ತು 23.5 ಇವಿಯಲ್ಲಿ ಜೋಡಿಯಾಗಿ ನಿಂತಿವೆ. ಅವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಬಹುದೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಆರನೆಯ ಹೆಜ್ಜೆಯ ವ್ಯಾವಹಾರಿಕ ಅಗಲವನ್ನು 21.8 ಇವಿಯದಕ್ಕೆ ಕಂಡುಕೊಂಡರೆ ಅರ್ಧ ಇವಿಗಿಂತ ಕಡಿಮೆ ಬರುತ್ತದೆ. ನಡುವಿನ ಅಂತರ 1.7 ಇವಿ.